ನೂರು ಗೆಲುವು ಸರಿ, ಆದರೆ ಶಿಫ್ರಿನ್ ಸ್ಟೆನ್‌ಮಾರ್ಕ್‌ಗಿಂತ ದೊಡ್ಡವರಾ?

ಮಲ್ನಾಡ್_ಮಳೆ:
ಅಮೆರಿಕದ ಮಿಕೇಲಾ ಶಿಫ್ರಿನ್ 2025ರ ಫೆಬ್ರವರಿ 23ಕ್ಕೆ ಇಟಲಿಯ ಸೆಸ್ಟ್ರಿಯೆರೆಯಲ್ಲಿ ಸ್ಲಾಲಂ ಎಂಬ ಸ್ಕೀ ರೇಸ್ ಗೆದ್ದರು. ಆಲ್ಪೈನ್ ಸ್ಕೀಯಿಂಗ್ (ಸ್ಕೀ ಕಟ್ಟಿಕೊಂಡು ಹಿಮದ ಬೆಟ್ಟ ಇಳಿಯುವ ಆಟ) ವಿಶ್ವಕಪ್ಪಿನಲ್ಲಿ ಅದು ಅವರ ನೂರನೇ ಗೆಲುವು. ಗಂಡಸರು, ಹೆಂಗಸರು ಎಲ್ಲರನ್ನೂ ಸೇರಿಸಿದರೂ ಬೇರೆ ಯಾರೂ ಆ ಅಂಕಿ ಮುಟ್ಟಿಲ್ಲ. ಅವರ ಹಿಂದೆ ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್, 86. ಆಮೇಲೆ ಅಮೆರಿಕದವರೇ ಆದ ಲಿಂಡ್ಸೆ ವಾನ್, ಆ ಹೊತ್ತಿಗೆ 82.

ನಮ್ಮ ಆಫೀಸಿನಲ್ಲಿ ಒಬ್ಬ ಸ್ವೀಡನ್ನಿನವನಿದ್ದಾನೆ. ಅವನ ವಾದ ಏನೆಂದರೆ, ಸ್ಟೆನ್‌ಮಾರ್ಕ್ ಬರೀ ಎರಡು ಬಗೆಯ ರೇಸಿನಲ್ಲಿ 86 ಗೆದ್ದ, ಶಿಫ್ರಿನ್‌ಗೆ ರೇಸುಗಳೇ ಜಾಸ್ತಿ ಸಿಗುತ್ತವೆ, ಅದರ ಮೇಲೆ 2022ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಒಂದು ಪದಕವನ್ನೂ ತರಲಿಲ್ಲ. ನನಗೆ ತಿರುಗಿ ಹೇಳಲು ಏನೂ ತೋಚಲಿಲ್ಲ. ಈ ಆಟವನ್ನು ನಿಜವಾಗಿ ಹಿಂಬಾಲಿಸುವವರು ಇಲ್ಲಿ ಯಾರಾದರೂ ಇದ್ದೀರಾ? ಅಂಕಿ ಬಿಟ್ಟು ಬೇರೆ ಯಾವುದರಿಂದ ಅಳೆಯುತ್ತೀರಿ?

ತಿಪಟೂರು_ತೆಂಗು:
ನೂರು ಅಂದರೆ ನೂರು ಗುರೂ. ಚರ್ಚೆ ಮುಗೀತು.

ಅಂಕಿಅಂಶ_ಅಣ್ಣ:
ಅಷ್ಟು ಸುಲಭವಾಗಿ ಮುಗಿಯಲ್ಲ. ಆದರೆ ನಿಮ್ಮ ಸ್ವೀಡನ್ ಗೆಳೆಯನ ಮೊದಲ ವಾದ ಅವನಿಗೇ ತಿರುಗಿ ಹೊಡೆಯುತ್ತದೆ. ಸ್ಟೆನ್‌ಮಾರ್ಕ್ ಗೆದ್ದಿದ್ದು 46 ಜೈಂಟ್ ಸ್ಲಾಲಂ, 40 ಸ್ಲಾಲಂ. ಅಷ್ಟೇ. ಶಿಫ್ರಿನ್ ಸ್ಲಾಲಂ, ಜೈಂಟ್ ಸ್ಲಾಲಂ, ಸೂಪರ್-ಜಿ, ಡೌನ್‌ಹಿಲ್, ಕಂಬೈನ್ಡ್, ಪ್ಯಾರಲಲ್ ಎಂದು ಆರೂ ಬಗೆಯಲ್ಲಿ ಗೆದ್ದಿದ್ದಾರೆ. ಆರನ್ನೂ ಗೆದ್ದವರು ಅವರೊಬ್ಬರೇ. 2017ರ ಡಿಸೆಂಬರಿನಲ್ಲಿ ಕೆನಡಾದ ಲೇಕ್ ಲೂಯಿಸ್‌ನಲ್ಲಿ ಮೊದಲ ಡೌನ್‌ಹಿಲ್ ಗೆದ್ದರು, ಮುಂದಿನ ವರ್ಷ ಅಲ್ಲೇ ಮೊದಲ ಸೂಪರ್-ಜಿ.

ಇನ್ನು 2018-19ರ ಋತು ನೋಡಿ. ಒಂದೇ ಋತುವಿನಲ್ಲಿ 17 ಗೆಲುವು. ಅದಕ್ಕೂ ಮುಂಚಿನ ದಾಖಲೆ ಸ್ವಿಟ್ಜರ್‌ಲೆಂಡಿನ ವ್ರೆನಿ ಶ್ನೈಡರ್ ಅವರದ್ದು, 14. ಅದು ಮೂವತ್ತು ವರ್ಷ ಅಲ್ಲಾಡದೆ ನಿಂತಿತ್ತು. ಗಂಡಸರಲ್ಲಿ ಯಾರೂ 13 ದಾಟಿಲ್ಲ.

ಸುಮ್ನೆ_ಓದುವವ:
ಯಾರಾದರೂ ಮೊದಲು ಈ ಸ್ಲಾಲಂ, ಜೈಂಟು, ಸೂಪರ್ರು ಎಲ್ಲ ಏನು ಅಂತ ಹೇಳಿಬಿಡಿ. ನಾನು ಹಿಮ ನೋಡಿರುವುದು ಫ್ರಿಜ್ಜಿನಲ್ಲಿ ಮಾತ್ರ.

ಜೂರಿಕ್_ಜೋಳ:
ಹೇಳ್ತೀನಿ ಕೇಳ್ರಿ. ಸ್ಲಾಲಂ ಅಂದರೆ ಕಂಬಗಳು ತೀರಾ ಹತ್ತಿರ ಹತ್ತಿರ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಪಟಪಟ ತಿರುಗಬೇಕು. ಸ್ಕೀ ಗಿಡ್ಡ, ಹೆಂಗಸರದ್ದು ಕನಿಷ್ಠ 155 ಸೆಂಟಿಮೀಟರ್, ಗಂಡಸರದ್ದು 165. ಜೈಂಟ್ ಸ್ಲಾಲಂನಲ್ಲಿ ಕಂಬಗಳು ದೂರ, ತಿರುವು ಅಗಲ, ಸ್ಕೀ ಉದ್ದ. ಇವೆರಡನ್ನೂ ಎರಡೆರಡು ಸಲ ಓಡಿ ಸಮಯ ಕೂಡಿಸುತ್ತಾರೆ. ಮೊದಲ ರನ್‌ನಲ್ಲಿ ಮೊದಲ 30ರಲ್ಲಿ ಬಂದವರಿಗೆ ಮಾತ್ರ ಎರಡನೇ ರನ್, ಅದೂ ಉಲ್ಟಾ ಕ್ರಮದಲ್ಲಿ. 30ನೆಯವರು ಮೊದಲು ಇಳಿಯುತ್ತಾರೆ, ಮುಂದಿದ್ದವರು ಕೊನೆಗೆ. ಅದಕ್ಕೇ ಮೊದಲ ರನ್ ಗೆದ್ದವರ ಎದೆ ಡವಡವ ಅನ್ನೋದು. ಮೇಲೆ ಒಬ್ಬರೇ ನಿಂತು ಕೆಳಗಿನ ಕೂಗಾಟ ಕೇಳಬೇಕು, ಅಷ್ಟೊತ್ತಿಗೆ ಎಲ್ಲರೂ ಓಡಿ ಓಡಿ ಹಾದಿಯಲ್ಲಿ ಗುಂಡಿ ಬಿದ್ದಿರುತ್ತದೆ.

ಸೂಪರ್-ಜಿ, ಡೌನ್‌ಹಿಲ್ ಬರೀ ವೇಗದ ಆಟ. ಒಂದೇ ರನ್. ಡೌನ್‌ಹಿಲ್‌ಗೆ ಮುಂಚೆ ಅಭ್ಯಾಸದ ರನ್ ಸಿಗುತ್ತದೆ, ಸೂಪರ್-ಜಿಗೆ ಅದೂ ಇಲ್ಲ. ಬೆಳಿಗ್ಗೆ ಹಾದಿ ನೋಡಿಕೊಂಡು ನೆನಪಿಟ್ಟು ಇಳಿಯೋದೇ. ಕಂಬೈನ್ಡ್ ಅಂದರೆ ಒಂದು ವೇಗದ ರನ್, ಒಂದು ಸ್ಲಾಲಂ ರನ್, ಎರಡರ ಸಮಯ ಕೂಡಿಸೋದು. ಪ್ಯಾರಲಲ್ ಅಂದರೆ ಇಬ್ಬರು ಪಕ್ಕಪಕ್ಕದ ಹಾದಿಯಲ್ಲಿ ಒಟ್ಟಿಗೆ ಇಳಿಯೋದು.

ಇನ್ನೊಂದು ಮಾತು. ಟಿವಿಯಲ್ಲಿ ಬೆಳ್ಳಗೆ ಮೆತ್ತಗೆ ಕಾಣುತ್ತದಲ್ಲ, ಅದು ಮೆತ್ತಗಿನ ಹಿಮ ಅಲ್ಲ. ರೇಸಿಗೆ ಮುಂಚೆ ಹಾದಿಯ ಒಳಗೆ ನೀರು ತುಂಬಿಸಿ ಗಟ್ಟಿ ಮಾಡುತ್ತಾರೆ. ಆಡೆಲ್‌ಬೋಡೆನ್‌ನಲ್ಲಿ ಗಂಡಸರ ರೇಸ್ ನೋಡಲು ಹೋದಾಗ ಹಾದಿಯ ಅಂಚಿನಲ್ಲಿ ಕಾಲಿಟ್ಟು ನೋಡಿದೆ. ಸೋಪಿನ ನೀರು ಚೆಲ್ಲಿದ ಮೊಸಾಯಿಕ್ ನೆಲವನ್ನು ಓರೆಯಾಗಿ ನಿಲ್ಲಿಸಿದ ಹಾಗಿತ್ತು. ಅದರ ಮೇಲೆ ಉಕ್ಕಿನ ಅಂಚು ಹಿಡಿಸಿ ತಿರುಗುತ್ತಾರೆ ಇವರು.

ಸುಮ್ನೆ_ಓದುವವ:
ಈಗ ಅರ್ಥ ಆಯ್ತು. ಹಾಗಾದರೆ ಎರಡು ಬಗೆ ಗೊತ್ತಿರುವವನಿಗಿಂತ ಆರು ಗೊತ್ತಿರುವವಳು ಮೇಲು. ಇದರಲ್ಲಿ ಜಗಳ ಏನಿದೆ?

ಹಳೇ_ರೇಡಿಯೋ:
ಜಗಳ ಇದೆ ತಮ್ಮಾ. ಸ್ಟೆನ್‌ಮಾರ್ಕ್ ಓಡಿದ ಕಾಲ ಬೇರೆ. ಅವರು 1974ರ ಡಿಸೆಂಬರಿನಲ್ಲಿ ಇಟಲಿಯ ಮದೋನ್ನಾ ದಿ ಕಂಪಿಲಿಯೋದಲ್ಲಿ ಮೊದಲು ಗೆದ್ದಾಗ ಸ್ಲಾಲಂ ಕಂಬಗಳು ಬಾಗುತ್ತಿರಲಿಲ್ಲ. ಬುಡದಲ್ಲಿ ಮಡಚಿಕೊಳ್ಳುವ ಕಂಬ ಬಂದಿದ್ದು ಎಂಬತ್ತರ ದಶಕದ ಆರಂಭದಲ್ಲಿ. ಈಗಿನವರು ಮೊಣಕಾಲಿನ ಕೆಳಗೆ, ಕೈಗೆ ಕವಚ ಕಟ್ಟಿಕೊಂಡು ಕಂಬವನ್ನೇ ಹೊಡೆದು ಬೀಳಿಸಿ ನೇರ ಹೋಗುತ್ತಾರೆ. ಆಗ ಇಡೀ ಮೈಯನ್ನು ಕಂಬದ ಸುತ್ತ ತರಬೇಕಿತ್ತು. ಎರಡೂ ಕಾಲದಲ್ಲಿ ಗೆದ್ದವರು ಅವರು. ಕೊನೆಯ ಗೆಲುವು 1989ರಲ್ಲಿ ಅಮೆರಿಕದ ಆಸ್ಪೆನ್‌ನಲ್ಲಿ.

ಆಮೇಲೆ 1978-79. ಆ ಋತುವಿನಲ್ಲಿ ನಡೆದ ಹತ್ತಕ್ಕೆ ಹತ್ತೂ ಜೈಂಟ್ ಸ್ಲಾಲಂ ಅವರದ್ದೇ. ಹಿಂದಿನ ಮತ್ತು ಮುಂದಿನ ಋತುವನ್ನೂ ಸೇರಿಸಿದರೆ ಸತತ 14. ಚೆಕೊಸ್ಲೊವಾಕಿಯಾದ ಯಾಸ್ನಾದಲ್ಲಿ ಎರಡನೆಯವನಿಗಿಂತ 4.06 ಸೆಕೆಂಡ್ ಮುಂದೆ ಬಂದರು. ಈ ಆಟದಲ್ಲಿ ಸೆಕೆಂಡನ್ನು ನೂರು ಭಾಗ ಮಾಡಿ ಅಳೆಯುತ್ತಾರೆ ಎಂಬುದನ್ನು ನೆನಪಿಡಿ. ನಾಲ್ಕು ಸೆಕೆಂಡ್ ಅಂದರೆ ಎರಡನೆಯವನು ಬರುವಷ್ಟರಲ್ಲಿ ಇವರು ಸ್ಕೀ ಬಿಚ್ಚಿಕೊಂಡಿರಬಹುದು.

ಅಂಕಿಅಂಶ_ಅಣ್ಣ:
ಒಪ್ಪಿದೆ ಸಾರ್. ಅದೇ ಋತುವಿನಲ್ಲಿ ಇನ್ನೊಂದು ಮಜಾ ಇದೆ. ಒಟ್ಟು 13 ರೇಸ್ ಗೆದ್ದರೂ ಸ್ಟೆನ್‌ಮಾರ್ಕ್‌ಗೆ ಋತುವಿನ ಅಂಕ ಕೂಡಿಸಿ ಕೊಡುವ ಒಟ್ಟಾರೆ ಪಟ್ಟ ಸಿಗಲಿಲ್ಲ, ಮೊದಲ ಮೂವರಲ್ಲೂ ಬರಲಿಲ್ಲ! 1976, 77, 78 ಮೂರು ವರ್ಷ ಸತತವಾಗಿ ಪಟ್ಟ ಗೆದ್ದ ಮೇಲೆ ಅಂಕ ಲೆಕ್ಕ ಹಾಕುವ ನಿಯಮ ಬದಲಾಯಿತು. ಒಂದು ಬಗೆಯಲ್ಲಿ ಎಷ್ಟೇ ಗೆದ್ದರೂ ಕೆಲವು ಫಲಿತಾಂಶ ಮಾತ್ರ ಲೆಕ್ಕಕ್ಕೆ. ಡೌನ್‌ಹಿಲ್ ಓಡದವರಿಗೆ ಪೆಟ್ಟು. ಸ್ವಿಟ್ಜರ್‌ಲೆಂಡಿನ ಪೀಟರ್ ಲ್ಯೂಷರ್ ಗೆದ್ದರು.

ಕರಾವಳಿ_ಕಾಗೆ:
ಎಂಥ ಅನ್ಯಾಯ ಮಾರಾಯ್ರೇ! 13 ರೇಸು ಗೆದ್ದವನಿಗೆ ಕಪ್ಪಿಲ್ಲವಾ?

ಜೂರಿಕ್_ಜೋಳ:
ಅನ್ಯಾಯ ಅನ್ನೋದು ಸ್ವೀಡನ್ನಿನವರ ಮಾತು. ಇಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ. "ಒಟ್ಟಾರೆ" ಪಟ್ಟ ಅಂದ ಮೇಲೆ ಎಲ್ಲ ಬಗೆಯಲ್ಲೂ ಓಡಬೇಕು ಅಲ್ವಾ? ಡೌನ್‌ಹಿಲ್ ಅಂದರೆ ಜೀವ ಕೈಯಲ್ಲಿ ಹಿಡಿದು ಇಳಿಯೋದು. ಸ್ಟೆನ್‌ಮಾರ್ಕ್ ಅದನ್ನು ಬಿಟ್ಟೇ ಬಿಟ್ಟಿದ್ದರು. 1981ರಲ್ಲಿ ಕಿಟ್ಸ್‌ಬ್ಯೂಲ್‌ನ ಸ್ಟ್ರೈಫ್ ಎಂಬ ಡೌನ್‌ಹಿಲ್ ಹಾದಿಯಲ್ಲಿ ಇಳಿದರು, ಅದೂ ಕಂಬೈನ್ಡ್ ಅಂಕಕ್ಕಾಗಿ.

ಹಳೇ_ರೇಡಿಯೋ:
ಬಿಟ್ಟಿದ್ದಕ್ಕೆ ಕಾರಣ ಇತ್ತು. 1979ರ ಸೆಪ್ಟೆಂಬರಿನಲ್ಲಿ ಡೌನ್‌ಹಿಲ್ ಅಭ್ಯಾಸದಲ್ಲಿ ಬಿದ್ದು ತಲೆಗೆ ಜೋರು ಪೆಟ್ಟು ಮಾಡಿಕೊಂಡಿದ್ದರು. ಐದೇ ತಿಂಗಳಲ್ಲಿ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್. ಅಲ್ಲಿ ಸ್ಲಾಲಂ, ಜೈಂಟ್ ಸ್ಲಾಲಂ ಎರಡೂ ಚಿನ್ನ. ಎರಡರಲ್ಲೂ ಮೊದಲ ರನ್ ಆದಾಗ ಹಿಂದಿದ್ದರು. 1984ರ ಸರಾಯೆವೋ ಒಲಿಂಪಿಕ್ಸಿಗೆ ಅವರನ್ನು ಬಿಡಲಿಲ್ಲ, ವೃತ್ತಿಪರ ಆಟಗಾರನ ಪರವಾನಗಿ ಇದೆ ಎಂಬ ಕಾರಣಕ್ಕೆ. ಒಲಿಂಪಿಕ್ಸ್ ಪದಕದ ಲೆಕ್ಕದಲ್ಲಿ ಇಬ್ಬರನ್ನು ತೂಗುವವರು ಇದನ್ನೂ ತಕ್ಕಡಿಗೆ ಹಾಕಲಿ.

ತಿಪಟೂರು_ತೆಂಗು:
ಹಣ ಪಡೆದರೆ ಒಲಿಂಪಿಕ್ಸ್ ಇಲ್ಲವಾ? ಈಗ ಎಲ್ಲರ ಹೆಲ್ಮೆಟ್ಟಿನ ಮೇಲೂ ಜಾಹೀರಾತು!

ಕೊಲರಾಡೋ_ಕನ್ನಡತಿ:
ನಾನು ಡೆನ್ವರ್ ಕಡೆ ಇದ್ದೀನಿ. ಶಿಫ್ರಿನ್ ಹುಟ್ಟಿದ್ದು ಇಲ್ಲೇ ವೇಲ್‌ನಲ್ಲಿ, 1995ರ ಮಾರ್ಚ್ 13. ಹಾಗಾಗಿ ನನಗೆ ಸ್ವಲ್ಪ ಪಕ್ಷಪಾತ ಇದ್ದೇ ಇದೆ, ಮೊದಲೇ ಹೇಳಿಬಿಡ್ತೀನಿ.

ಜನ ಬರೀ ಅಂಕಿ ಹೇಳ್ತಾರೆ. ಅವಳು ಬೆಳೆದ ರೀತಿ ನೋಡಿ. ಚಿಕ್ಕ ವಯಸ್ಸಿನಲ್ಲಿ ಬೇರೆ ಮಕ್ಕಳು ವಾರ ವಾರ ರೇಸಿಗೆ ಹೋಗುತ್ತಿದ್ದರೆ ಇವಳು ಅಭ್ಯಾಸದ ಗುಡ್ಡದಲ್ಲೇ ಇರುತ್ತಿದ್ದಳು. ರೇಸ್ ದಿನ ಇಡೀ ದಿನಕ್ಕೆ ಎರಡು ರನ್. ಅದೇ ದಿನ ಅಭ್ಯಾಸ ಮಾಡಿದರೆ ಎಷ್ಟೋ ಪಟ್ಟು ಜಾಸ್ತಿ ಕಂಬ ದಾಟಬಹುದು. ಅಪ್ಪ ಅಮ್ಮನ ಲೆಕ್ಕ ಅದಾಗಿತ್ತು. ಅಮ್ಮ ಐಲೀನ್ ಇವತ್ತಿಗೂ ಕೋಚ್‌ಗಳಲ್ಲಿ ಒಬ್ಬರು. ವರ್ಮಾಂಟ್‌ನ ಬರ್ಕ್ ಮೌಂಟನ್ ಅಕಾಡೆಮಿಯಲ್ಲಿ ಓದಿದ್ದು. ಹದಿನಾರು ತುಂಬುವ ಎರಡು ದಿನ ಮುಂಚೆ, 2011ರ ಮಾರ್ಚಿನಲ್ಲಿ ಮೊದಲ ವಿಶ್ವಕಪ್ ರೇಸ್. ಹದಿನೇಳಕ್ಕೆ, 2012ರ ಡಿಸೆಂಬರಿನಲ್ಲಿ, ಸ್ವೀಡನ್ನಿನ ಓರೆ ಎಂಬ ಊರಿನಲ್ಲಿ ಮೊದಲ ಗೆಲುವು. ಹದಿನೆಂಟಕ್ಕೆ ಸೋಚಿ ಒಲಿಂಪಿಕ್ಸ್ ಸ್ಲಾಲಂ ಚಿನ್ನ. ಆ ಸ್ಪರ್ಧೆ ಗೆದ್ದವರಲ್ಲಿ ಅವಳಷ್ಟು ಚಿಕ್ಕವರು ಯಾರೂ ಇಲ್ಲ.

ಸೋಚಿಯ ಎರಡನೇ ರನ್ ಹುಡುಕಿ ನೋಡಿ. ಅರ್ಧ ದಾರಿಯಲ್ಲಿ ಒಂದು ಸ್ಕೀ ಗಾಳಿಗೆ ಎದ್ದುಬಿಡುತ್ತದೆ. ಬಿದ್ದಳು ಅಂದುಕೊಳ್ಳಬೇಕು, ಅಷ್ಟರಲ್ಲಿ ಮತ್ತೆ ಸಾಲಿಗೆ ಬಂದಿರುತ್ತಾಳೆ. ಎರಡನೇ ಸ್ಥಾನ ಯಾರದ್ದು ಗೊತ್ತಾ? ಅವಳು ಚಿಕ್ಕಂದಿನಿಂದ ನೋಡಿ ಕಲಿತ ಆಸ್ಟ್ರಿಯಾದ ಮಾರ್ಲೀಸ್ ಶಿಲ್ಡ್. ಆಮೇಲೆ ಶಿಲ್ಡ್ ಅವರ 35 ಸ್ಲಾಲಂ ಗೆಲುವಿನ ದಾಖಲೆಯನ್ನೂ 2018ರ ಕೊನೆಗೆ ಇವಳೇ ದಾಟಿದಳು.

ಮಲ್ನಾಡ್_ಮಳೆ:
ಅಕ್ಕಾ, ಇದೆಲ್ಲ ಸರಿ. ಬೀಜಿಂಗ್ ಬಗ್ಗೆ ಏನು ಹೇಳಲಿ ಅವನಿಗೆ?

ಕೊಲರಾಡೋ_ಕನ್ನಡತಿ:
ಬೀಜಿಂಗ್‌ನಲ್ಲಿ ಆರು ಸ್ಪರ್ಧೆಯಲ್ಲೂ ಇಳಿದಳು ಅಂತ ಹೇಳಿ. ಜೈಂಟ್ ಸ್ಲಾಲಂ, ಸ್ಲಾಲಂ ಎರಡರಲ್ಲೂ ಮೊದಲ ರನ್ ಶುರುವಾದ ಕೆಲವೇ ಸೆಕೆಂಡಿಗೆ ಹೊರಗೆ. ಸ್ಲಾಲಂ ಆದ ಮೇಲೆ ಹಾದಿಯ ಪಕ್ಕ ತಲೆ ತಗ್ಗಿಸಿ ಕೂತುಬಿಟ್ಟಳು, ಕ್ಯಾಮೆರಾ ಅವಳನ್ನು ಬಿಡಲೇ ಇಲ್ಲ. ನೋಡಲಾಗಲಿಲ್ಲ. ಅಷ್ಟಾದ ಮೇಲೂ ಸೂಪರ್-ಜಿಗೆ ಇಳಿದು 9ನೇ ಸ್ಥಾನ, ಡೌನ್‌ಹಿಲ್‌ನಲ್ಲಿ 18. ಕಂಬೈನ್ಡ್‌ನಲ್ಲಿ ಮತ್ತೆ ಸ್ಲಾಲಂ ಹೊತ್ತಿಗೆ ಹೊರಗೆ. ತಂಡದ ಸ್ಪರ್ಧೆಯಲ್ಲಿ ನಾಲ್ಕನೇ ಸ್ಥಾನ.

ಅದೇ ಋತುವಿನ ಕೊನೆಗೆ ವಿಶ್ವಕಪ್ ಒಟ್ಟಾರೆ ಪಟ್ಟ ಯಾರು ಗೆದ್ದರು ಕೇಳಿ. ಇವಳೇ.

ತಿಪಟೂರು_ತೆಂಗು:
ಒತ್ತಡ ತಡೆಯೋಕೆ ಆಗಲಿಲ್ಲ ಅಷ್ಟೇ. ದೊಡ್ಡ ಆಟಗಾರ ಅಂದರೆ ದೊಡ್ಡ ದಿನ ಆಡಬೇಕು.

ಅಂಕಿಅಂಶ_ಅಣ್ಣ:
ದೊಡ್ಡ ದಿನದ ಲೆಕ್ಕ ಬೇಕಾ? ತಗೊಳ್ಳಿ. ಒಲಿಂಪಿಕ್ಸ್: 2014 ಸ್ಲಾಲಂ ಚಿನ್ನ, 2018 ಜೈಂಟ್ ಸ್ಲಾಲಂ ಚಿನ್ನ, ಕಂಬೈನ್ಡ್ ಬೆಳ್ಳಿ. ವಿಶ್ವ ಚಾಂಪಿಯನ್‌ಷಿಪ್: 2013, 15, 17, 19 ನಾಲ್ಕು ಸಲ ಸತತವಾಗಿ ಸ್ಲಾಲಂ ಚಿನ್ನ. 2019ರಲ್ಲಿ ಸೂಪರ್-ಜಿ ಚಿನ್ನವೂ ಸೇರಿತು. 2021 ಇಟಲಿಯ ಕೊರ್ತಿನಾದಲ್ಲಿ ಕಂಬೈನ್ಡ್, 2023 ಮೆರಿಬೆಲ್‌ನಲ್ಲಿ ಜೈಂಟ್ ಸ್ಲಾಲಂ, 2025ರ ಫೆಬ್ರವರಿಯಲ್ಲಿ ಆಸ್ಟ್ರಿಯಾದ ಜಾಲ್‌ಬಾಖ್‌ನಲ್ಲಿ ಬ್ರೀಜಿ ಜಾನ್ಸನ್ ಜೊತೆ ತಂಡದ ಕಂಬೈನ್ಡ್. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲೇ ಚಿನ್ನ ಎಂಟು, ಒಟ್ಟು 15 ಪದಕ. ಅಷ್ಟು ಪದಕ ಇದ್ದಿದ್ದು 1930ರ ದಶಕದ ಜರ್ಮನಿಯ ಕ್ರಿಸ್ಟ್ಲ್ ಕ್ರಾನ್ಸ್ ಅವರಿಗೆ ಮಾತ್ರ. ಇದಕ್ಕಿಂತ ದೊಡ್ಡ ದಿನ ಯಾವುದು ಬೇಕು?

ತಿಪಟೂರು_ತೆಂಗು:
ವಿಶ್ವ ಚಾಂಪಿಯನ್‌ಷಿಪ್ ಬೇರೆ, ಒಲಿಂಪಿಕ್ಸ್ ಬೇರೆ. ನಾಲ್ಕು ವರ್ಷಕ್ಕೊಮ್ಮೆ ಬರೋದಕ್ಕೆ ಬೆಲೆ ಜಾಸ್ತಿ.

ಜೂರಿಕ್_ಜೋಳ:
ಇಲ್ಲಿ ಆಲ್ಪ್ಸ್ ಕಡೆ ಅಭಿಮಾನಿಗಳು ಹಾಗೆ ನೋಡಲ್ಲ. ಒಲಿಂಪಿಕ್ಸ್ ಒಂದು ದಿನದ ಆಟ. ಗಾಳಿ ಬೀಸಿತು, ಮಂಜು ಮುಚ್ಚಿತು, ಕಂಬಕ್ಕೆ ಸ್ಕೀ ತುದಿ ಸಿಕ್ಕಿತು, ಮುಗೀತು. ವಿಶ್ವಕಪ್ ಒಟ್ಟಾರೆ ಪಟ್ಟ ಅಂದರೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ವಾರ ವಾರ ಬೇರೆ ಬೇರೆ ಬೆಟ್ಟದಲ್ಲಿ ಗೆಲ್ಲಬೇಕು. ಗೆದ್ದವರಿಗೆ 100 ಅಂಕ, ಎರಡನೆಯವರಿಗೆ 80, ಮೂರಕ್ಕೆ 60, ಹೀಗೆ ಇಳಿದು ಮೂವತ್ತನೆಯವರಿಗೆ 1. ಶಿಫ್ರಿನ್ 2017, 18, 19, 22, 23 ಐದು ಸಲ ಗೆದ್ದಿದ್ದಾರೆ. ಆಸ್ಟ್ರಿಯಾದ ಆನೆಮರೀ ಮೋಸರ್-ಪ್ರೋಲ್ ಆರು ಸಲ. ಗಂಡಸರಲ್ಲಿ ಮಾರ್ಸೆಲ್ ಹಿರ್ಷರ್ 2012ರಿಂದ 2019ರವರೆಗೆ ಎಂಟು ಸಲ ಸತತ! ನನ್ನನ್ನು ಕೇಳಿದರೆ ಶ್ರೇಷ್ಠ ಹಿರ್ಷರ್. 67 ಗೆಲುವೇ ಇರಲಿ, ಎಂಟು ವರ್ಷ ಯಾರಿಗೂ ಪಟ್ಟ ಬಿಟ್ಟುಕೊಡಲಿಲ್ಲ.

ಹಳೇ_ರೇಡಿಯೋ:
ಹಿರ್ಷರ್ ಕೂಡ ಡೌನ್‌ಹಿಲ್‌ನಿಂದ ದೂರವೇ ಇದ್ದರಲ್ಲ? ಸ್ಟೆನ್‌ಮಾರ್ಕ್‌ಗೆ ಒಂದು ನ್ಯಾಯ, ಹಿರ್ಷರ್‌ಗೆ ಇನ್ನೊಂದು ನ್ಯಾಯವಾ?

ಜೂರಿಕ್_ಜೋಳ:
ಹಿರ್ಷರ್ ಸೂಪರ್-ಜಿ ಗೆದ್ದಿದ್ದಾರೆ ಸಾರ್. ಒಂದಾದರೂ.

ಹಳೇ_ರೇಡಿಯೋ:
ಒಂದಾದರೂ! ಹ್ಹ ಹ್ಹ. ಸರಿ ಬಿಡಿ.

ಕ್ರಿಕೆಟ್_ಕೆಂಪ:
ನೂರು ಅಂದಾಗ ನನಗೆ ಸಚಿನ್ ನೆನಪಾದರು. 99ನೇ ಶತಕ 2011ರ ಮಾರ್ಚ್ 12ಕ್ಕೆ ನಾಗ್ಪುರದಲ್ಲಿ, ನೂರನೆಯದು 2012ರ ಮಾರ್ಚ್ 16ಕ್ಕೆ ಮೀರ್‌ಪುರದಲ್ಲಿ. ಒಂದು ವರ್ಷಕ್ಕೂ ಜಾಸ್ತಿ. ಪ್ರತಿ ಪಂದ್ಯಕ್ಕೂ ಇವತ್ತಾ ನಾಳೆಯಾ ಅಂತ ಕಾದು ಕಾದು ನಮಗೇ ಸುಸ್ತಾಗಿತ್ತು. ಶಿಫ್ರಿನ್‌ಗೂ 99ರಲ್ಲಿ ಹೀಗೆ ನಿಂತಿತ್ತು ಅಂತ ಎಲ್ಲೋ ಓದಿದೆ?

ಮಂಡಿ_ಡಾಕ್ಟರ್:
ನಿಂತಿದ್ದು ಒತ್ತಡಕ್ಕಲ್ಲ, ಗಾಯಕ್ಕೆ. 99ನೆಯದು 2024ರ ನವೆಂಬರ್ 23ಕ್ಕೆ ಆಸ್ಟ್ರಿಯಾದ ಗುರ್ಗ್ಲ್‌ನಲ್ಲಿ. ಒಂದು ವಾರ ಬಿಟ್ಟು ನವೆಂಬರ್ 30ಕ್ಕೆ ಅಮೆರಿಕದ ಕಿಲ್ಲಿಂಗ್ಟನ್‌ನಲ್ಲಿ ಜೈಂಟ್ ಸ್ಲಾಲಂ. ಮೊದಲ ರನ್‌ನಲ್ಲಿ ಅವರೇ ಮುಂದೆ. ಎರಡನೇ ರನ್ ಇನ್ನೇನು ಮುಗಿಯಬೇಕು, ಬಿದ್ದು ಕಂಬಗಳಿಗೆ ಹೊಡೆದುಕೊಂಡು ಹೋಗಿ ಬಲೆಗೆ ಅಪ್ಪಳಿಸಿದರು. ಹೊಟ್ಟೆಯ ಪಕ್ಕಕ್ಕೆ ಏನೋ ಚುಚ್ಚಿ ಆಳದ ಗಾಯ, ಒಳಗಿನ ಓರೆ ಸ್ನಾಯು ಹರಿದಿತ್ತು. ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ವೃತ್ತಿಯಿಂದ ನಾನು ಮೂಳೆ ಕೀಲು ನೋಡುವವನು, ಅದಕ್ಕೆ ಒಂದು ಮಾತು. ಆ ಓರೆ ಸ್ನಾಯುಗಳೇ ಸ್ಲಾಲಂನಲ್ಲಿ ಎಲ್ಲ ಕೆಲಸ ಮಾಡುವುದು. ಕಾಲು ಒಂದು ಕಡೆ ತಿರುಗುವಾಗ ಎದೆ ಕಣಿವೆ ಕಡೆಗೇ ಇರಬೇಕು. ಸೊಂಟದಿಂದ ಮೇಲೆ ಮತ್ತು ಕೆಳಗೆ ಬೇರೆ ಬೇರೆ ದಿಕ್ಕು. ಆ ಜಾಗ ಕತ್ತರಿಸಿ ಹೊಲಿದ ಮೇಲೆ ಜನವರಿ 30ಕ್ಕೆ ಫ್ರಾನ್ಸಿನ ಕೂರ್ಶೆವೆಲ್‌ನಲ್ಲಿ ರೇಸಿಗೆ ಬಂದು 10ನೇ ಸ್ಥಾನ ಪಡೆದರು. ನೋಡಿ ನನಗೆ ನಂಬಿಕೆ ಬರಲಿಲ್ಲ. ಫೆಬ್ರವರಿ 23ಕ್ಕೆ ನೂರು.

ಜೈಂಟ್ ಸ್ಲಾಲಂಗೆ ಇನ್ನೂ ಮನಸ್ಸು ಒಪ್ಪುತ್ತಿಲ್ಲ ಎಂದು ಅವರೇ ಹೇಳಿಕೊಂಡರು. ಜಾಲ್‌ಬಾಖ್‌ನಲ್ಲಿ ತಮ್ಮದೇ ಚಾಂಪಿಯನ್ ಪಟ್ಟ ಉಳಿಸಿಕೊಳ್ಳಲು ಹೋಗದೆ ಬಿಟ್ಟರು. ಆಘಾತದ ನಂತರ ಮನಸ್ಸಿಗೆ ಆಗುವ ತೊಂದರೆ ಎಂದು ಬಾಯಿಬಿಟ್ಟು ಹೇಳಿದರು. ನನಗೆ ಅದು ಗೆಲುವುಗಳಿಗಿಂತ ಹಿಡಿಸಿತು.

ಕ್ರಿಕೆಟ್_ಕೆಂಪ:
ಡಾಕ್ಟ್ರೇ, ಬಿದ್ದ ಮೇಲೆ ಅದೇ ಬೆಟ್ಟಕ್ಕೆ ಮತ್ತೆ ಹೋಗೋದು ಹೇಗೆ? ನಾನು ಸ್ಕೂಟರಿನಿಂದ ಬಿದ್ದ ತಿರುವನ್ನು ಈಗಲೂ ತಪ್ಪಿಸಿಕೊಂಡು ಓಡಾಡ್ತೀನಿ.

ಕೊಲರಾಡೋ_ಕನ್ನಡತಿ:
ಇದೊಂದೇ ಸಲ ಅಲ್ಲ. 2020ರ ಫೆಬ್ರವರಿಯಲ್ಲಿ ಅವಳ ಅಪ್ಪ ಜೆಫ್ ಮನೆಯಲ್ಲಿ ಬಿದ್ದು ತೀರಿಕೊಂಡರು. ಅವಳು ಯುರೋಪಿನಲ್ಲಿ ರೇಸಿನಲ್ಲಿದ್ದಳು, ವಿಷಯ ತಿಳಿದು ಓಡಿ ಬಂದಳು. ಆ ವರ್ಷ ಪಟ್ಟ ಕೈಗೆ ಬರುವಷ್ಟರಲ್ಲಿತ್ತು, ಹೋಯಿತು. 2024ರ ಜನವರಿಯಲ್ಲಿ ಕೊರ್ತಿನಾದ ಡೌನ್‌ಹಿಲ್‌ನಲ್ಲಿ ಬಿದ್ದು ಮಂಡಿ ಪೆಟ್ಟು, ಆ ವರ್ಷದ ಪಟ್ಟ ಲಾರಾ ಗುಟ್-ಬೆಹ್ರಾಮಿಗೆ ಹೋಯಿತು. ಅದಕ್ಕೆ ಎರಡು ವಾರ ಮುಂಚೆ ವೆಂಗೆನ್‌ನಲ್ಲಿ ಅವಳ ಹುಡುಗ, ನಾರ್ವೆಯ ಅಲೆಕ್ಸಾಂಡರ್ ಓಮೊಟ್ ಕಿಲ್ಡೆ ಭೀಕರವಾಗಿ ಬಿದ್ದಿದ್ದ. ಅವನೂ ಚಾಂಪಿಯನ್, 2020ರ ಗಂಡಸರ ಪಟ್ಟ ಅವನದ್ದು.

ಕರಾವಳಿ_ಕಾಗೆ:
ಇದನ್ನೆಲ್ಲ ಓದಿ ನಮ್ಮ ಕಂಬಳದ ಗದ್ದೆಯೇ ಸೇಫ್ ಅನಿಸಿತು ಮಾರಾಯ್ರೇ.

ವಾನ್_ಅಭಿಮಾನಿ:
ನಾನು ಒಂದು ಬೇರೆ ರಾಗ ತೆಗೀತೀನಿ. ಯಾರೂ ಲಿಂಡ್ಸೆ ವಾನ್ ಹೆಸರು ಸರಿಯಾಗಿ ಎತ್ತಲೇ ಇಲ್ಲ. 82ರಲ್ಲಿ 43 ಡೌನ್‌ಹಿಲ್, 28 ಸೂಪರ್-ಜಿ. ಅಂದರೆ ಬಹುಪಾಲು ಪ್ರಾಣಾಪಾಯದ ರೇಸುಗಳು. ವೇಗದ ರೇಸುಗಳು ಋತುವಿನಲ್ಲಿ ಕಡಿಮೆ, ಹವಾಮಾನ ಕೆಟ್ಟರೆ ಅವೇ ಮೊದಲು ರದ್ದಾಗೋದು. ಮಂಡಿ ಎಷ್ಟು ಸಲ ಹರಿದುಕೊಂಡರು! 2019ರಲ್ಲಿ ನಿವೃತ್ತಿ ಹೇಳಿದವರು ಮಂಡಿಗೆ ಟೈಟಾನಿಯಂ ಹಾಕಿಸಿಕೊಂಡು 2024ರ ಡಿಸೆಂಬರಿನಲ್ಲಿ ನಲವತ್ತನೇ ವಯಸ್ಸಿಗೆ ಮತ್ತೆ ರೇಸಿಗೆ ಇಳಿದರು. ಒಂದು ಡೌನ್‌ಹಿಲ್ ಗೆಲುವನ್ನೂ ಒಂದು ಸ್ಲಾಲಂ ಗೆಲುವನ್ನೂ ಸಮ ಅಂತ ಎಣಿಸೋದು ನನಗೆ ಒಪ್ಪಿಗೆ ಇಲ್ಲ.

ಅಂಕಿಅಂಶ_ಅಣ್ಣ:
ಅಪಾಯ ಜಾಸ್ತಿ ಅಂದ ಮಾತ್ರಕ್ಕೆ ಕಷ್ಟ ಜಾಸ್ತಿ ಅಂತಲ್ಲ. ಸ್ಲಾಲಂನಲ್ಲಿ ಎರಡು ರನ್ ಒಂದೂ ತಪ್ಪಿಲ್ಲದೆ ಇಳಿಯಬೇಕು. ಒಂದೇ ಒಂದು ಕಂಬವನ್ನು ಒಂದು ಕಾಲು ತಪ್ಪು ಪಕ್ಕದಿಂದ ದಾಟಿದರೂ ರೇಸಿನಿಂದ ಹೊರಗೇ. ಮೇಲಾಗಿ ವಾನ್ 18 ರೇಸ್ ಗೆದ್ದಿದ್ದು ಒಂದೇ ಬೆಟ್ಟದಲ್ಲಿ, ಲೇಕ್ ಲೂಯಿಸ್. ಒಗ್ಗಿದ ಹಾದಿ.

ವಾನ್_ಅಭಿಮಾನಿ:
ಒಗ್ಗಿದ ಹಾದಿ ಅಂದರೆ? ಅಲ್ಲಿ ಉಳಿದವರೂ ಪ್ರತಿ ವರ್ಷ ಇಳಿಯುತ್ತಿದ್ದರಲ್ಲ, ಅವರು ಯಾಕೆ ಗೆಲ್ಲಲಿಲ್ಲ?

ಮಂಡಿ_ಡಾಕ್ಟರ್:
ಈ ಮಾತಿಗೆ ನನ್ನ ಓಟು ವಾನ್ ಕಡೆಗೆ. ಆ ಮಂಡಿಯ ಎಕ್ಸ್-ರೇ ನೋಡಲು ಎಷ್ಟು ಹಣ ಬೇಕಾದರೂ ಕೊಡ್ತೀನಿ.

ಹಳೇ_ರೇಡಿಯೋ:
ಸ್ಟೆನ್‌ಮಾರ್ಕ್ ಪರ ಇಷ್ಟು ಮಾತಾಡಿದ ಮೇಲೆ ಇದನ್ನೂ ಹೇಳಬೇಕು. 2023ರ ಮಾರ್ಚ್ 10ಕ್ಕೆ ಶಿಫ್ರಿನ್ ಸ್ವೀಡನ್ನಿನ ಓರೆ ಊರಿನಲ್ಲಿ ಜೈಂಟ್ ಸ್ಲಾಲಂ ಗೆದ್ದು 86ಕ್ಕೆ ಬಂದರು, ಮರುದಿನ ಅಲ್ಲೇ ಸ್ಲಾಲಂ ಗೆದ್ದು 87. ಸ್ವೀಡನ್ನಿನ ನೆಲದಲ್ಲೇ ಸ್ವೀಡನ್ನಿನವನ ದಾಖಲೆ ಹೋಯಿತು, ಅಲ್ಲಿನ ಜನ ನಿಂತು ಚಪ್ಪಾಳೆ ಹೊಡೆದರು. ಅದಕ್ಕೂ ಮುಂಚೆಯೇ ಸ್ಟೆನ್‌ಮಾರ್ಕ್ ಪತ್ರಕರ್ತರಿಗೆ ಅವಳು ನನಗಿಂತ ಎಷ್ಟೋ ಮೇಲು ಎಂದು ಹೇಳಿದ್ದರು. ಮಾತೇ ಕಡಿಮೆ ಆಡುವ ಮನುಷ್ಯ. ಹುಟ್ಟಿ ಬೆಳೆದಿದ್ದು ಉತ್ತರದ ತ್ಯಾರ್ನಬಿ ಕಡೆಯ ಸಣ್ಣ ಊರಿನಲ್ಲಿ. ಅದೇ ತ್ಯಾರ್ನಬಿಯಿಂದ ಆಮೇಲೆ ಆನ್ಯಾ ಪೇರ್ಸನ್ ಬಂದರು, ಒಲಿಂಪಿಕ್ಸ್ ಚಿನ್ನ ಗೆದ್ದವರು. ಒಂದು ಚಿಕ್ಕ ಊರಿಗೆ ಇಬ್ಬರು!

ಮಲ್ನಾಡ್_ಮಳೆ:
ಸ್ಟೆನ್‌ಮಾರ್ಕೇ ಒಪ್ಪಿಕೊಂಡ ಮೇಲೆ ನಮ್ಮ ಆಫೀಸಿನವನು ಯಾಕೆ ಒಪ್ಪಲ್ಲ! ಇದನ್ನು ನಾಳೆ ಊಟದ ಹೊತ್ತಿಗೆ ಎಸೀತೀನಿ.

ಹಳೇ_ರೇಡಿಯೋ:
ಎಸೆಯಿರಿ. ಆದರೆ ಅವರು ವಿನಯಕ್ಕೆ ಹೇಳಿದ್ದು ಎಂದೇ ನಾನು ನಂಬೋದು.

ಕೊಡಗಿನ_ಕಾಫಿ:
ಅಮೆರಿಕ, ಸ್ವೀಡನ್ ಎಲ್ಲ ಆಯಿತು. ನಮ್ಮವರ ಬಗ್ಗೆಯೂ ಒಂದೆರಡು ಮಾತು ಬರಲಿ. ಗುಲ್ಮಾರ್ಗ್ ಕಡೆಯ ಆರಿಫ್ ಖಾನ್ ಬೀಜಿಂಗ್ 2022ರಲ್ಲಿ ಭಾರತದಿಂದ ಹೋದ ಒಬ್ಬನೇ ಕ್ರೀಡಾಪಟು. ಬಾವುಟ ಹಿಡಿದವನೂ ಅವನೇ, ರೇಸಿಗೆ ಇಳಿದವನೂ ಅವನೇ. ಅಪ್ಪನದ್ದು ಅಲ್ಲೇ ಸ್ಕೀ ಸಾಮಾನಿನ ಅಂಗಡಿ. ಜೈಂಟ್ ಸ್ಲಾಲಂನಲ್ಲಿ 45ನೇ ಸ್ಥಾನ. ಅವತ್ತು ಹಿಮ ಸುರಿದು ಕಣ್ಣೇ ಕಾಣದ ಹಾಗಿತ್ತು, ಇಳಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮುಗಿಸಲೇ ಇಲ್ಲ. ಮನಾಲಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ) ರೇಸೊಂದರಲ್ಲಿ ಕಂಚು ಗೆದ್ದಳು, ಸ್ಕೀಯಿಂಗ್‌ನಲ್ಲಿ ನಮ್ಮ ದೇಶಕ್ಕೆ ಮೊದಲ ಅಂತರರಾಷ್ಟ್ರೀಯ ಪದಕ.

ನಮ್ಮ ಕೊಡಗಿನ ತೆಕ್ಕಡ ನಂಜುಂಡ ಭವಾನಿ ಗೊತ್ತಾ? ಬೆಟ್ಟ ಇಳಿಯುವುದಲ್ಲ, ಕ್ರಾಸ್ ಕಂಟ್ರಿ ಸ್ಕೀಯಿಂಗ್. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದಿದ್ದಾರೆ.

ಕರಾವಳಿ_ಕಾಗೆ:
ಕೊಡಗಿನವರಿಗೆ ಹಾಕಿ ಸ್ಟಿಕ್ ಸಾಲದು ಅಂತ ಈಗ ಸ್ಕೀ ಕೋಲೂ ಬಂತಾ! ಭಲೇ.

ಸುಮ್ನೆ_ಓದುವವ:
ಕರ್ನಾಟಕಕ್ಕೆ ಹಿಮದ ಆಟದಲ್ಲಿ ಪದಕವಾ? ಇದು ಪೇಪರಿನಲ್ಲಿ ಯಾಕೆ ಕಾಣಲೇ ಇಲ್ಲ ನನಗೆ?

ಕೊಡಗಿನ_ಕಾಫಿ:
ಬಂದಿತ್ತು, ಕ್ರಿಕೆಟ್ಟಿನ ಕೆಳಗೆ ಒಂದು ಮೂಲೆಯಲ್ಲಿ.

ಕ್ರಿಕೆಟ್_ಕೆಂಪ:
ನನ್ನನ್ನು ಯಾಕೆ ನೋಡ್ತೀರಿ ಎಲ್ಲರೂ.

ತಿಪಟೂರು_ತೆಂಗು:
ಸ್ಕೀ ಕಲಿಯೋಕೆ ಖರ್ಚು ಎಷ್ಟು ಬರುತ್ತೆ? ಮಗಳು ಈ ಚರ್ಚೆ ಓದಿ ಗುಲ್ಮಾರ್ಗ್ ಅಂತ ಹಠ ಹಿಡಿದಿದ್ದಾಳೆ.

ಕೊಲರಾಡೋ_ಕನ್ನಡತಿ:
ಇಲ್ಲಿನ ಖರ್ಚು ಕೇಳಬೇಡಿ, ಒಂದು ದಿನದ ಲಿಫ್ಟ್ ಟಿಕೆಟ್ಟಿಗೇ ತಲೆ ತಿರುಗುತ್ತೆ. ನಾವು ಋತುವಿಗೆ ಪಾಸ್ ಮಾಡಿಸಿಕೊಂಡು, ಸ್ಕೀ ಬಾಡಿಗೆಗೆ ತಗೊಂಡು, ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗ್ತೀವಿ. ಭಾರತದಲ್ಲಿ ಗುಲ್ಮಾರ್ಗ್‌ನಲ್ಲಿ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಔಲಿಯಲ್ಲೂ ಕೋರ್ಸ್ ನಡೆಯುತ್ತೆ. ಅಲ್ಲಿ ಸಾಮಾನು ಅವರೇ ಕೊಡ್ತಾರೆ. ಮಗಳ ವಯಸ್ಸೆಷ್ಟು?

ತಿಪಟೂರು_ತೆಂಗು:
ಹನ್ನೊಂದು. ಶಿಫ್ರಿನ್ ಆ ವಯಸ್ಸಿಗೆ ಏನು ಮಾಡ್ತಿದ್ದಳೋ ಅದನ್ನೇ ಮಾಡ್ತೀನಿ ಅಂತಾಳೆ. ನಾನು ಮೊದಲು ಮಗ್ಗಿ ಕಲಿ ಅಂದೆ.

ಜೂರಿಕ್_ಜೋಳ:
ಅಣ್ಣಾ, ಮೇಲೆ "ಚರ್ಚೆ ಮುಗೀತು" ಅಂದಿದ್ದು ನೀವೇ ಅಲ್ವಾ?

ವಾನ್_ಅಭಿಮಾನಿ:
ಅವಳಿಗೆ ಡೌನ್‌ಹಿಲ್ ಕಲಿಸಿ. ಸ್ಲಾಲಂ ಬೇಡ.

ಮಂಡಿ_ಡಾಕ್ಟರ್:
ದಯವಿಟ್ಟು ಅವರ ಮಾತು ಕೇಳಬೇಡಿ. ಹೆಲ್ಮೆಟ್ ಮಾತ್ರ ಬಿಡಬೇಡಿ, ಮತ್ತೆ ಹೊರಡುವ ಮುಂಚೆ ಎರಡು ತಿಂಗಳು ತೊಡೆಗೆ ಬಲ ಬರುವ ವ್ಯಾಯಾಮ ಮಾಡಿಸಿ.

ಮಲ್ನಾಡ್_ಮಳೆ:
ಮುಂದಿನ ರೇಸ್ ಯಾವಾಗ? ಈ ಸಲ ಅರ್ಥ ಮಾಡಿಕೊಂಡು ನೋಡಬೇಕು ಅನ್ನಿಸ್ತಿದೆ.

ಅಂಕಿಅಂಶ_ಅಣ್ಣ:
2025ರ ಮಾರ್ಚ್ ಕೊನೆಗೆ ಅಮೆರಿಕದ ಸನ್ ವ್ಯಾಲಿಯಲ್ಲಿ ಋತುವಿನ ಕೊನೆಯ ರೇಸುಗಳು. ನಮ್ಮ ಕಡೆ ರಾತ್ರಿ ನಿದ್ದೆ ಕೆಡಬೇಕು. 2026ರ ಫೆಬ್ರವರಿಗೆ ಮಿಲಾನೊ-ಕೊರ್ತಿನಾ ಒಲಿಂಪಿಕ್ಸ್, ಹೆಂಗಸರ ರೇಸ್ ಕೊರ್ತಿನಾದಲ್ಲೇ.

ಕೊಲರಾಡೋ_ಕನ್ನಡತಿ:
2024ರಲ್ಲಿ ಅವಳು ಬಿದ್ದ ಅದೇ ಊರು.

ತಿಪಟೂರು_ತೆಂಗು:
ಅಲ್ಲಿ ಸ್ಲಾಲಂ ಗೆದ್ದರೆ ನಾನು ಬೀಜಿಂಗ್ ಮಾತು ವಾಪಸ್ ತಗೋತೀನಿ. ಗೆಲ್ಲದಿದ್ದರೆ ಇದೇ ಜಾಗಕ್ಕೆ ಬಂದು ಮತ್ತೆ ಶುರು ಮಾಡ್ತೀನಿ.

ಅಂಕಿಅಂಶ_ಅಣ್ಣ:
ಬನ್ನಿ ಸಾರ್, ನಾನು ಇಲ್ಲೇ ಇರ್ತೀನಿ. ಅಂಕಿಗಳೂ ಇಲ್ಲೇ ಇರ್ತವೆ.